ಅವ್ವನ ಪದ, ಹಳೆ ಐಪಾಡ್, ಸೂಪರ್ ಮಾರ್ಕೆಟ್ ಕಡೆಯ ಉಸ್ತಾದರ ಅಂಗಡಿ

ನನ್ನದು 2011ರ ಆಲ್ಟೊ ಕೆ10. ಸೆಕೆಂಡ್ ಹ್ಯಾಂಡ್ ತಗೊಂಡು ಆರು ವರ್ಷ ಆಯಿತು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ ಕ್ರಾಸ್ ದಾಟಿ, ಕಮಲಾಪುರವನ್ನೂ ದಾಟಿ ಸ್ವಲ್ಪ ಒಳಗೆ ಹೋದರೆ ನಾನು ಪಾಠ ಮಾಡುವ ಶಾಲೆ ಸಿಗುತ್ತದೆ. ಹೋಗಿ ಬರೋದು ಸೇರಿ ದಿನಕ್ಕೆ ಹೆಚ್ಚೂಕಡಿಮೆ 80 ಕಿಲೋಮೀಟರ್. ಅಷ್ಟು ಹೊತ್ತೂ ಕಾರಿನಲ್ಲಿ ನಾನೊಬ್ಬಳೇ. ಹಾಡು ಇಲ್ಲದಿದ್ದರೆ ಆ ದಾರಿ ಸಾಗೋದೇ ಇಲ್ಲ. ಈ ಕಾರಿನ ಹಳೆ ಸೆಟ್ಟಿಗೆ ನನ್ನ ಹಳೆ ಐಪಾಡನ್ನು ಹೇಗೆ ಜೋಡಿಸಿಕೊಂಡೆ ಅನ್ನೋದೇ ಈ ಬರಹ.

ಕಾರಿನ ಜೊತೆಗೆ ಹಿಂದಿನ ಮಾಲೀಕರು ಹಾಕಿಸಿದ್ದ ಸೆಟ್ಟೂ ಬಂದಿತ್ತು. ಜಪಾನ್ ಕಂಪನಿಯ ಹಳೆ ಸಿಡಿ ಸೆಟ್. ಸಿಂಗಲ್ ಡಿನ್ ಅಂತಾರಲ್ಲ, 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಗೂಡಿನಲ್ಲಿ ಕೂರುವ ಅಳತೆ. ರೇಡಿಯೋ ಇದೆ, ಸಿಡಿ ಇದೆ. ಯುಎಸ್‌ಬಿ ಇಲ್ಲ, ಬ್ಲೂಟೂತ್ ಇಲ್ಲ, ಹೊರಗಿನ ಪ್ಲೇಯರನ್ನು ವೈರಿನಿಂದ ಸಿಕ್ಕಿಸುವ ಆಕ್ಸ್ ತೂತೂ ಮುಂದುಗಡೆ ಇಲ್ಲ. ಆದರೆ ದನಿ ಮಾತ್ರ ತುಂಬಾ ಚೆನ್ನಾಗಿದೆ. ಇವತ್ತಿಗೂ ಸಿಡಿ ಹಾಕಿದರೆ ಕೇಳಬೇಕು ಅನ್ನಿಸುತ್ತದೆ.

ನನ್ನ ಹತ್ತಿರ ಇರೋದು ಐಪಾಡ್ ಕ್ಲಾಸಿಕ್, ಹಾಡು ತುಂಬಿಸಿ ಕೇಳುವ ಆಪಲ್ ಕಂಪನಿಯ ಪುಟ್ಟ ಪ್ಲೇಯರ್, 2009ರಲ್ಲಿ ಬಂದ 160 ಜಿಬಿಯದು. ಪುಣೆಯಲ್ಲಿರುವ ತಮ್ಮ ಫೋನಿನಲ್ಲೇ ಹಾಡು ಕೇಳೋಕೆ ಶುರು ಮಾಡಿದ ಮೇಲೆ ನನಗೆ ಕೊಟ್ಟುಬಿಟ್ಟ. ಆಪಲ್‌ನವರು ಇದನ್ನು 2014ರಲ್ಲಿ ನಿಲ್ಲಿಸಿದರು, ಈಗ ಹೊಸದು ಸಿಗೋದಿಲ್ಲ. ಸಿನಿಮಾ ಹಾಡು, ವಚನ, ತತ್ವಪದ, ಹಿಂದುಸ್ತಾನಿ ಎಲ್ಲ ಸೇರಿ ಮೂರು ಸಾವಿರಕ್ಕೂ ಜಾಸ್ತಿ ಇವೆ ಇದರಲ್ಲಿ. ಅವುಗಳಲ್ಲಿ ಹದಿನಾಲ್ಕು ಮಾತ್ರ ಯಾವ ಅಂಗಡಿಯಲ್ಲೂ ಸಿಗದಂಥವು. ನಮ್ಮವ್ವ ಹಾಡಿದ ಬೀಸುವ ಪದಗಳು.

1994ರಲ್ಲಿ ಅಪ್ಪ ಪಡಸಾಲೆಯಲ್ಲಿ ಬೀಸುಕಲ್ಲಿನ ಪಕ್ಕ ಟು-ಇನ್-ಒನ್, ಅಂದರೆ ರೇಡಿಯೋ ಇರುವ ಟೇಪ್ ರೆಕಾರ್ಡರ್ ಇಟ್ಟು, 60 ನಿಮಿಷದ ಕ್ಯಾಸೆಟ್ ಹಾಕಿ ರೆಕಾರ್ಡ್ ಮಾಡಿದ್ದರು. ಅವ್ವ ಜೋಳ ಬೀಸುತ್ತಾ ಹಾಡಿದ್ದಾಳೆ. ಕಲ್ಲಿನ ಗರಗರ ಸದ್ದು ಉದ್ದಕ್ಕೂ ಇದೆ. ಪ್ರತಿ ಸುತ್ತಿಗೆ ಒಂದು ಸಲ ಅವಳ ಗಾಜಿನ ಬಳೆ ಗೂಟಕ್ಕೆ ತಾಗಿ ಸಣ್ಣಗೆ ಕಿಣ್ ಅನ್ನುತ್ತದೆ. ಮೂರನೇ ಪದದಲ್ಲಿ ನಡುವೆ ನಿಲ್ಲಿಸಿ ಹಿಡಿ ಜೋಳ ಹಾಕುತ್ತಾಳೆ, ಮತ್ತೆ ಶುರು ಮಾಡುತ್ತಾಳೆ. ಅವ್ವ ಈಗ ಇಲ್ಲ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುವ ಮೊದಲೇ ತಮ್ಮ ಅದನ್ನು ಕಂಪ್ಯೂಟರಿಗೆ ಹಾಕಿ, ಐಪಾಡಿಗೆ ತುಂಬಿಸಿದ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕಾರಿನಲ್ಲಿ ದನಿ ಚೆನ್ನಾಗಿದೆಯೋ ಇಲ್ಲವೋ ಅಂತ ನಾನು ಅಳೆಯೋದು ಆ ಬಳೆ ಸದ್ದಿನಿಂದ. ಅದು ಕೇಳಿಸಿದರೆ ಜೋಡಣೆ ಸರಿ. ಕೇಳಿಸದಿದ್ದರೆ ಎಷ್ಟು ದೊಡ್ಡ ಸೆಟ್ ಇದ್ದರೂ ನನಗೆ ಉಪಯೋಗವಿಲ್ಲ.

ಫೋನಿಗೇ ಹಾಕಿಕೊಳ್ಳಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿ ನೋಡಿದ್ದೆ. ಪದ ನಡುವೆ ಇರುವಾಗಲೇ ಬಿಸಿಯೂಟದ ಲೆಕ್ಕ ಕೇಳಿ ಫೋನ್ ಬರುತ್ತದೆ. ಅವ್ವನ ದನಿ ತಟ್ಟನೆ ಕಟ್ಟಾಗೋದು ನನಗೆ ಸೇರೋದಿಲ್ಲ. ಅದೂ ಅಲ್ಲದೆ ಫೋನಾದರೂ ಸೆಟ್ಟಿಗೆ ಜೋಡಿಸುವ ದಾರಿ ಬೇಕೇ ಬೇಕು. ಆ ತೊಂದರೆ ಎರಡಕ್ಕೂ ಒಂದೇ.

ಮೊದಲು ತಗೊಂಡದ್ದು ಎಫ್ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುತ್ತಾರಲ್ಲ, ಅದು. 450 ರೂಪಾಯಿ. ಐಪಾಡಿನ ಹೆಡ್‌ಫೋನ್ ತೂತಿನಿಂದ ಅದಕ್ಕೆ ಒಂದು ವೈರ್ ಹೋಗುತ್ತದೆ. ಅದು ಒಂದು ಪುಟ್ಟ ರೇಡಿಯೋ ಸ್ಟೇಷನ್ ಆಗಿ ಹಾಡನ್ನು ಬಿಡುತ್ತದೆ, ಸೆಟ್ಟಿನ ರೇಡಿಯೋ ಅದನ್ನು ಹಿಡಿಯುತ್ತದೆ. 87.5ರಿಂದ 108ರವರೆಗೆ ಎಲ್ಲಿ ಸ್ಟೇಷನ್ ಇಲ್ಲವೋ ಆ ಜಾಗ ಹುಡುಕಿ ಎರಡೂ ಕಡೆ ಅದೇ ನಂಬರ್ ಇಡಬೇಕು. ಊರು ಬಿಟ್ಟು ಬಯಲಿಗೆ ಬಂದ ಮೇಲೆ ಪರವಾಗಿಲ್ಲ. ಊರೊಳಗೆ ಮಾತ್ರ ಕಷ್ಟ. ಟ್ರಾನ್ಸ್‌ಮಿಟರಿನ ಶಕ್ತಿ ತೀರಾ ಕಡಿಮೆ, ಪಕ್ಕದ ಸ್ಟೇಷನ್ನಿನ ಜಾಹೀರಾತು ಅವ್ವನ ಪದದ ಮೇಲೆ ಬಂದು ಕೂರುತ್ತದೆ.

ಎಫ್ಎಂನಲ್ಲಿ 15 ಕಿಲೋಹರ್ಟ್ಜ್‌ವರೆಗಿನ ದನಿ ಹೋಗುತ್ತದೆ. ಹಳೆ ಕ್ಯಾಸೆಟ್ಟಿನ ರೆಕಾರ್ಡಿಂಗಿಗೆ ಅಷ್ಟು ಸಾಕು. ಹಾಗಾಗಿ ದೋಷ ಎಫ್ಎಂನದಲ್ಲ, ಹಿಂದೆ ಸದಾ ಇರುವ ಸುಸ್ ಅನ್ನುವ ಸದ್ದಿನದು. ಬೀಸುಕಲ್ಲಿನ ಗರಗರವೂ ಆ ಸುಸ್ ಸದ್ದೂ ಒಂದರೊಳಗೊಂದು ಸೇರಿಹೋದವು. ಬಳೆ ಸದ್ದು ಪೂರ್ತಿ ಮಾಯ. ರಸ್ತೆ ಕೆಟ್ಟಿರುವ ಕಡೆ ಟ್ರಾನ್ಸ್‌ಮಿಟರ್ ತೂತಿನಲ್ಲಿ ಅಲುಗಾಡಿ ಆಫ್ ಆಗಿ ಆನ್ ಆಗುತ್ತಿತ್ತು. ಪ್ರತಿ ಸಲ ಆನ್ ಆದಾಗ ನಂಬರ್ ಮೊದಲಿನದಕ್ಕೆ ಹೋಗುತ್ತಿತ್ತು. ಗಾಡಿ ಓಡಿಸುತ್ತಾ ಅದನ್ನು ಸರಿ ಮಾಡೋದು ಅಪಾಯ. ಎರಡು ತಿಂಗಳು ಹೇಗೋ ನಡೆಸಿ ತೆಗೆದಿಟ್ಟೆ.

ಆಮೇಲೆ ಊರಿನ ಒಂದು ದೊಡ್ಡ ಕಾರ್ ಆಕ್ಸೆಸರಿ ಅಂಗಡಿಗೆ ಹೋದೆ. ಹಿಂದಿನ ಸ್ಪೀಕರ್ ವೈರ್ ಸಡಿಲ ಆಗಿತ್ತು, ಅದನ್ನು ಸರಿ ಮಾಡಿ, ಐಪಾಡಿಗೂ ಏನಾದರೂ ದಾರಿ ಹೇಳಿ ಅಂದೆ. ಹುಡುಗ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ವೈರ್ ಸರಿ ಮಾಡಿದ. ಐಪಾಡ್ ವಿಷಯಕ್ಕೆ ಬಂದಾಗ, ಸೆಟ್ಟಿನ ಮುಖ ನೋಡಿ, "ಇದ್ರಾಗ ಆಕ್ಸ್ ಇಲ್ಲ ಮೇಡಂ, ಆಂಡ್ರಾಯ್ಡ್ ಸೆಟ್ ಹಾಕ್ಸಿಬಿಡ್ರಿ" ಅಂದ. ಫ್ರೇಮ್, ವೈರಿಂಗ್, ಮಜೂರಿ ಎಲ್ಲ ಸೇರಿ 9,500 ರೂಪಾಯಿ. ಬೇಡ ಅಂದರೆ ಬ್ಲೂಟೂತ್ ರಿಸೀವರ್ ತಗೊಳ್ಳಿ ಅಂದ. ಐಪಾಡ್ ಕ್ಲಾಸಿಕ್‌ನಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ, ರಿಸೀವರ್ ಯಾರ ಜೊತೆ ಮಾತಾಡಬೇಕು? ಇನ್ನು ಆ ರಿಸೀವರನ್ನು ಸೆಟ್ಟಿಗೆ ಸಿಕ್ಕಿಸೋಕೂ ಆಕ್ಸ್ ತೂತೇ ಬೇಕು. ಇದನ್ನು ಕೇಳಿದಾಗ ಆತನ ಹತ್ತಿರ ಉತ್ತರ ಇರಲಿಲ್ಲ. ಆ ಅಂಗಡಿಯ ಹೆಸರು ಬರೆಯೋದಿಲ್ಲ. ಆದರೆ ಸೆಟ್ಟಿನ ಮುಖ ಮಾತ್ರ ನೋಡಿ ಹೊಸದಕ್ಕೆ ಖರ್ಚು ಮಾಡಿಸುವ ಈ ಪದ್ಧತಿ ಬಗ್ಗೆ ನನಗೆ ಸಿಟ್ಟಿದೆ.

ಸಿಟ್ಟಿಗೆ ಇನ್ನೊಂದು ಕಾರಣವೂ ಸಿಕ್ಕಿತು. ಅದಾದ ಮೇಲೆ ಎರಡು ದಿನ ರಜೆ ಬಂತು, ಕಾರು ತೆಗೆದಿರಲಿಲ್ಲ. ಸೋಮವಾರ ಬೆಳಿಗ್ಗೆ ಚಾವಿ ತಿರುಗಿಸಿದರೆ ಟಕ್ ಟಕ್ ಅಷ್ಟೇ. ಬ್ಯಾಟರಿ ಕುಂತಿತ್ತು. ಪಕ್ಕದ ಮನೆಯವರು ತಳ್ಳಿ ಸ್ಟಾರ್ಟ್ ಮಾಡಿಸಿದರು. ಶಾಲೆಗೆ ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಮುಂದಿನ ವಾರವೂ ಹಾಗೇ ಆಯಿತು. ಬ್ಯಾಟರಿ ಹಳೆಯದಾಯಿತು ಅಂತ ಹೊಸದು ಹಾಕಿಸುವ ಯೋಚನೆಯಲ್ಲಿದ್ದೆ.

ಉಸ್ತಾದರ ಅಂಗಡಿ ತೋರಿಸಿದ್ದು ನಮ್ಮ ಶಾಲೆಗೆ ಮಕ್ಕಳನ್ನು ಕರೆತರುವ ಆಟೋದವರು. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಹತ್ತಿರದ ಒಂದು ಓಣಿಯಲ್ಲಿದೆ. ಬೋರ್ಡ್ ಇಲ್ಲ. ಶಟರ್ ಎತ್ತಿದರೆ ಹತ್ತು ಅಡಿ ಜಾಗ, ಗೋಡೆ ತುಂಬ ಹಳೆ ಸೆಟ್ಟುಗಳು, ಆಂಪ್ಲಿಫೈಯರುಗಳು, ಹರಿದ ಸ್ಪೀಕರುಗಳು. ಅರವತ್ತರ ಆಸುಪಾಸಿನವರು ಒಬ್ಬರು, ಕೆಲಸ ಕಲಿಯುವ ಹುಡುಗ ಒಬ್ಬ. ಹುಡುಗ ಅವರನ್ನು ಉಸ್ತಾದ್ ಅನ್ನುತ್ತಾನೆ, ನಾನೂ ಹಾಗೇ ಅಂದೆ. ಟೀಚರ್ ಅಂತ ಗೊತ್ತಾದ ಮೇಲೆ ಅವರು ನನ್ನನ್ನು ಅಕ್ಕೋರೆ ಅನ್ನೋಕೆ ಶುರು ಮಾಡಿದರು.

ಸೆಟ್ ನೋಡಿದ ಕೂಡಲೇ ಅವರು ಹೇಳಿದ ಮೊದಲ ಮಾತು: "ಸೆಟ್ ಭಾಳ ಚೊಲೋ ಅದ ಅಕ್ಕೋರೆ. ಇದನ್ಯಾಕ ತಗೀತೀರಿ?" ಆಮೇಲೆ ಎರಡು ತೆಳ್ಳನೆ ಪಟ್ಟಿ ತಗೊಂಡು ಸೆಟ್ಟಿನ ಎರಡೂ ಪಕ್ಕಕ್ಕೆ ತೂರಿಸಿದರು. ಕ್ಲಿಪ್ ಬಿಟ್ಟು ಸೆಟ್ ಮೆಲ್ಲಗೆ ಹೊರಗೆ ಬಂತು. ಹಿಂದುಗಡೆ ತಿರುಗಿಸಿ, ಬಟ್ಟೆಯಿಂದ ಧೂಳು ಒರೆಸಿ, ಟಾರ್ಚ್ ಬೆಳಕು ಬಿಟ್ಟು ನನಗೆ ತೋರಿಸಿದರು. ಏರಿಯಲ್ ತೂತು. ವೈರಿನ ಗೊಂಚಲು. ಅದರ ಪಕ್ಕ ಒಂದು ಕೆಂಪು, ಒಂದು ಬಿಳಿ ತೂತು. ಕೆಳಗೆ ಸಣ್ಣ ಅಕ್ಷರದಲ್ಲಿ "ಆಕ್ಸ್ ಇನ್" ಅಂತ ಬರೆದಿತ್ತು.

ಆರು ವರ್ಷ ಅದು ಅಲ್ಲೇ ಇತ್ತು.

ಇಂಥ ಎಷ್ಟೋ ಹಳೆ ಸೆಟ್ಟುಗಳಲ್ಲಿ ಆಕ್ಸ್ ಹಿಂದುಗಡೆ ಇರುತ್ತದೆ ಅಂತ ಉಸ್ತಾದರು ಹೇಳಿದರು. ಟಿವಿ, ಡಿವಿಡಿಗೆ ಸಿಕ್ಕಿಸುವ ಅದೇ ಆರ್‌ಸಿಎ ತೂತು. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಇದರಲ್ಲಿ ಇನ್ನೊಂದು ವಿಷಯ ಇದೆ, ಇದೇ ಥರ ಸೆಟ್ ಇರುವವರು ಗಮನಿಸಿ. ವೈರ್ ಸಿಕ್ಕಿಸಿದರೂ ಸೋರ್ಸ್ ಬಟನ್ ಒತ್ತಿದಾಗ ರೇಡಿಯೋ, ಸಿಡಿ ಮಾತ್ರ ಬಂದವು, ಆಕ್ಸ್ ಬರಲೇ ಇಲ್ಲ. ಮೆನುವಿನಲ್ಲಿ ಆಕ್ಸ್ ಅನ್ನೋದು ಆಫ್ ಆಗಿತ್ತು. ಆನ್ ಮಾಡಿದ ಮೇಲೆ ಬಂತು. ವೈರ್ ಹಾಕಿ, ಆಕ್ಸ್ ಬರಲಿಲ್ಲ ಅಂತ ತೂತು ಕೆಟ್ಟಿದೆ ಅಂದುಕೊಳ್ಳಬೇಡಿ. ಮೊದಲು ಮೆನು ನೋಡಿ.

ಸೆಟ್ ಹೊರಗಿರುವಾಗಲೇ ಅವರ ಕಣ್ಣು ವೈರಿನ ಗೊಂಚಲಿಗೆ ಹೋಯಿತು. ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ತಿರುಚಿ ಟೇಪ್ ಸುತ್ತಿತ್ತು. "ಇದು ಬ್ಯಾಟ್ರಿದು, ಇದು ಚಾವಿದು. ಎರಡೂ ಕೂಡಿಸಿ ಸುತ್ಯಾರ. ಗಾಡಿ ಮುಂಜಾನೆ ಕುಂದರ್ತದೇನ್ರಿ?" ಅಂತ ಕೇಳಿದರು. ನಾನು ಬ್ಯಾಟರಿ ಮಾತೇ ಎತ್ತಿರಲಿಲ್ಲ. ದೊಡ್ಡ ಅಂಗಡಿಯ ಹುಡುಗ ವೈರಿಗೆ ಕೈ ಹಾಕಿದ ಮೇಲೆಯೇ ಬ್ಯಾಟರಿ ಕೂರೋಕೆ ಶುರುವಾದದ್ದು ಅಂತ ಆಗ ಹೊಳೆಯಿತು. ಹಳದಿ ವೈರಿಗೆ ಯಾವಾಗಲೂ ಕರೆಂಟ್ ಇರುತ್ತದೆ, ಗಡಿಯಾರ, ಸ್ಟೇಷನ್ ನಂಬರ್ ನೆನಪಿಟ್ಟುಕೊಳ್ಳೋಕೆ. ಕೆಂಪಿಗೆ ಚಾವಿ ತಿರುಗಿಸಿದಾಗ ಮಾತ್ರ ಬರುತ್ತದೆ. ಎರಡನ್ನೂ ಕೂಡಿಸಿದರೆ ಚಾವಿ ತೆಗೆದರೂ ಸೆಟ್ ಮಲಗೋದಿಲ್ಲ, ಸುಮ್ನೆ ಬ್ಯಾಟರಿ ಕುಡಿಯುತ್ತಾ ಕೂತಿರುತ್ತದೆ. ಬೇರೆ ಮಾಡಿ, ಬೆಸುಗೆ ಹಾಕಿ, ಪ್ಲಾಸ್ಟಿಕ್ ತೋಳು ಏರಿಸಿ ಬಿಸಿ ಮಾಡಿದರು. ಆ ದಿನದಿಂದ ಬ್ಯಾಟರಿ ಒಮ್ಮೆಯೂ ಕುಂತಿಲ್ಲ. ಹೊಸ ಬ್ಯಾಟರಿಯ ಖರ್ಚೂ ಉಳಿಯಿತು. ಈ ಕೆಲಸಕ್ಕೆ ಅವರು ದುಡ್ಡೇ ತಗೊಳ್ಳಲಿಲ್ಲ.

ಐಪಾಡ್ ಕಡೆಯ ವೈರ್ ಬಗ್ಗೆ ನಾನು ಮೊದಲೇ ಓದಿಕೊಂಡಿದ್ದೆ. ಹೆಡ್‌ಫೋನ್ ತೂತಿನಿಂದಲೂ ಕೊಡಬಹುದು, ಕೆಲಸ ಮಾಡುತ್ತದೆ. ಆದರೆ ಆ ದನಿ ಐಪಾಡಿನ ಒಳಗೇ ಒಮ್ಮೆ ದೊಡ್ಡದಾಗಿ, ಸೆಟ್ಟಿನಲ್ಲಿ ಮತ್ತೊಮ್ಮೆ ದೊಡ್ಡದಾಗುತ್ತದೆ. ಐಪಾಡಿನ ವಾಲ್ಯೂಮ್ ಪೂರ್ತಿ ಇಟ್ಟರೆ ಒಡೆದ ದನಿ, ಕಡಿಮೆ ಇಟ್ಟರೆ ಸೆಟ್ಟನ್ನು ಏರಿಸಬೇಕು, ಆಗ ಸುಸ್ ಸದ್ದು ಜಾಸ್ತಿ. ಮುಕ್ಕಾಲಿಗೆ ಇಟ್ಟರೆ ಸರಿಹೋಗುತ್ತದೆ. ಅದಕ್ಕಿಂತ ಒಳ್ಳೆಯದು ಕೆಳಗಿನ ಅಗಲ ಬಾಯಿ, 30 ಪಿನ್ನಿನದು. ಅದರಿಂದ ಲೈನ್ ಔಟ್ ಬರುತ್ತದೆ. ಐಪಾಡಿನ ವಾಲ್ಯೂಮಿಗೂ ಅದಕ್ಕೂ ಸಂಬಂಧ ಇಲ್ಲ, ಒಂದೇ ಮಟ್ಟದಲ್ಲಿ ಚೊಕ್ಕವಾಗಿ ಬರುತ್ತದೆ. ಏರಿಸೋದು ಇಳಿಸೋದು ಸೆಟ್ಟಿನಲ್ಲಿ ಮಾತ್ರ. ತಮ್ಮ ಪುಣೆಯಿಂದ 30 ಪಿನ್ನಿನ ವೈರ್ ಕಳಿಸಿದ್ದ, 350 ರೂಪಾಯಿ. ಅದಕ್ಕೆ ಎರಡು ಬಾಲ. ಒಂದು 3.5 ಮಿಲಿಮೀಟರಿನ ಹಾಡಿನ ಪಿನ್, ಇನ್ನೊಂದು ಚಾರ್ಜಿಗೆ ಯುಎಸ್‌ಬಿ.

ಉಸ್ತಾದರು ಸೆಟ್ಟಿನ ಹಿಂದಿನಿಂದ ಕೆಂಪು-ಬಿಳಿ ವೈರ್ ಎಳೆದು, ಡ್ಯಾಶ್‌ಬೋರ್ಡಿನ ಒಳಗಿಂದಲೇ ಇಳಿಸಿ, ಗೇರಿಗೆ ತಾಗದ ಹಾಗೆ ಹ್ಯಾಂಡ್ ಬ್ರೇಕ್ ಪಕ್ಕ ಹೊರಗೆ ತಂದರು. ತುದಿಯಲ್ಲಿ 3.5ರ ತೂತು. ಮೂರು ಕಡೆ ಟ್ಯಾಗ್ ಕಟ್ಟಿದರು. ಸೆಟ್ ವಾಪಸ್ ಕೂರಿಸುವಾಗ ಹಿಂದೆ ವೈರ್ ಒತ್ತಿ ಮಡಚಿಕೊಳ್ಳದ ಹಾಗೆ ಒಂದು ಕೈ ಒಳಗೆ ಇಟ್ಟು, ಇನ್ನೊಂದು ಕೈಯಿಂದ ತಳ್ಳಿದರು. ಅವಸರ ಇಲ್ಲದ ಕೆಲಸ. ನೋಡುತ್ತಾ ಕೂತರೆ ಸಮಾಧಾನ ಆಗುತ್ತದೆ.

"ಹಾಡ್ ಹಚ್ರಿ ಅಕ್ಕೋರೆ" ಅಂದರು. ನಾನು ಅವ್ವನ ಮೂರನೇ ಪದ ಹಚ್ಚಿದೆ. ಮೊದಲು ಕಲ್ಲಿನ ಸದ್ದು ಬಂತು. ಕಾರಿನ ಬಾಗಿಲುಗಳೇ ತಿರುಗುತ್ತಿವೆಯೇನೋ ಅನ್ನುವ ಹಾಗೆ ಕೆಳಗಿನಿಂದ, ದಪ್ಪಗೆ. ಅದರ ಮೇಲೆ ಅವ್ವನ ದನಿ. ಆಮೇಲೆ ಕಿಣ್. ಮತ್ತೆ ಒಂದು ಸುತ್ತು, ಮತ್ತೆ ಕಿಣ್. ಅವಳು ನಿಲ್ಲಿಸಿ ಜೋಳ ಹಾಕುವ ಕಡೆ, ಕಾಳು ಕಲ್ಲಿನ ಬಾಯಿಗೆ ಬಿದ್ದ ಸದ್ದು ಕೂಡ ಕೇಳಿಸಿತು. ಅದನ್ನು ನಾನು ಅಲ್ಲಿಯವರೆಗೆ ಯಾವತ್ತೂ ಕೇಳಿರಲಿಲ್ಲ. ಒಳಗೆ ಬೆಸುಗೆ ಹಾಕುತ್ತಿದ್ದ ಹುಡುಗ ಹೊರಗೆ ಬಂದು ನಿಂತ. ಉಸ್ತಾದರು ಪದ ಮುಗಿಯುವವರೆಗೆ ಏನೂ ಮಾತಾಡಲಿಲ್ಲ. ಮುಗಿದ ಮೇಲೆ "ಇನ್ನೊಂದ್ ಹಚ್ರಿ" ಅಂದರು.

ವೈರಿಗೆ 180, ಮಜೂರಿ 300. ಒಟ್ಟು 480 ರೂಪಾಯಿ.

ಒಂದು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ ಮಹಾಗಾಂವ ಕ್ರಾಸ್ ಹತ್ತಿರ ಒಂದು ಹಂಪ್ ಮೇಲೆ ಗಾಡಿ ಸ್ವಲ್ಪ ಜೋರಾಗಿ ಇಳಿಯಿತು. ಅಲ್ಲಿಂದ ಅವ್ವನ ಪದ ನಿಂತುಹೋಯಿತು. ಐಪಾಡಿನಲ್ಲಿ ನಿಮಿಷ ಓಡುತ್ತಲೇ ಇದೆ, ದನಿ ಇಲ್ಲ. ಗಾಡಿ ಪಕ್ಕಕ್ಕೆ ಹಾಕಿ ಬೇರೆ ಹಾಡು ಹಾಕಿದೆ. ಸಿನಿಮಾ ಹಾಡು ಬಂತು, ಆದರೆ ವಿಚಿತ್ರವಾಗಿ. ತಬಲಾ ದೂರದಿಂದ, ಕೊಳಲು ಅಲ್ಲಿಷ್ಟು ಇಲ್ಲಿಷ್ಟು, ಹಾಡುವವರ ದನಿ ಮಾತ್ರ ಇಲ್ಲ. ಅವ್ವನ ಹದಿನಾಲ್ಕೂ ಪದ ಹಾಕಿ ನೋಡಿದೆ. ಒಂದರಲ್ಲೂ ದನಿ ಇಲ್ಲ. ಐಪಾಡಿನ ಒಳಗಿನ ಡಿಸ್ಕಿನಲ್ಲಿ ಅವೇ ಅಳಿಸಿಹೋದವು ಅಂದುಕೊಂಡೆ. ಪುಣೆಯಲ್ಲಿ ತಮ್ಮನ ಹತ್ತಿರ ಕಾಪಿ ಇದೆ ಅಂತ ಗೊತ್ತಿದ್ದರೂ ಕೈ ನಡುಗಿತು. ಆ ದಿನ ಮಕ್ಕಳಿಗೆ ಏನು ಪಾಠ ಮಾಡಿದೆನೋ ನೆನಪಿಲ್ಲ.

ಸಂಜೆ ಸೀದಾ ಉಸ್ತಾದರ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವ್ವಾರ ಪದ ಮೋನೋ ಅದನೋ, ಸ್ಟೀರಿಯೋ?" ಹಳೆ ಟು-ಇನ್-ಒನ್‌ನದು, ಮೋನೋ, ಅಂದರೆ ಎಡ ಬಲ ಎರಡೂ ಕಡೆ ಒಂದೇ ದನಿ. ಆಗ ನಕ್ಕು, ಪದ ಎಲ್ಲೂ ಹೋಗಿಲ್ಲ ಅಂದರು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. 3.5 ಪಿನ್ನಿಗೆ ಮೂರು ಭಾಗ. ತುದಿ ಎಡಗಡೆಯದು, ನಡುವಿನ ಉಂಗುರ ಬಲಗಡೆಯದು, ಬುಡ ಗ್ರೌಂಡ್. ಗ್ರೌಂಡ್ ಅಂದರೆ ಎರಡಕ್ಕೂ ವಾಪಸ್ ಬರುವ ದಾರಿ. ಆ ದಾರಿ ಕಡಿದರೆ ಎಡದ್ದು ಬಲದ್ದರ ಮೂಲಕವೇ ವಾಪಸ್ ಹೋಗಬೇಕಾಗುತ್ತದೆ. ಆಗ ಎರಡೂ ಕಡೆ ಒಂದೇ ಥರ ಇರುವ ದನಿ ಒಂದನ್ನೊಂದು ಅಳಿಸಿಬಿಡುತ್ತದೆ. ಬೇರೆ ಬೇರೆ ಇರೋದು ಮಾತ್ರ ಉಳಿಯುತ್ತದೆ. ಸಿನಿಮಾ ಹಾಡಿನಲ್ಲಿ ಹಾಡುವವರ ದನಿ ಸಾಮಾನ್ಯವಾಗಿ ನಡುವೆ ಇರುತ್ತದೆ, ಅಂದರೆ ಎರಡೂ ಕಡೆ ಸಮ, ಅದಕ್ಕೇ ಅದು ಹೋಯಿತು. ಮೋನೋದಲ್ಲಂತೂ ಎಲ್ಲವೂ ಎರಡೂ ಕಡೆ ಒಂದೇ. ಅದಕ್ಕೇ ಅವ್ವನ ಪದ ಪೂರ್ತಿ ಮಾಯ.

ಹೊಸ ವೈರಿನ 3.5 ತೂತಿನ ಒಳಗೆ ಗ್ರೌಂಡ್ ಎಳೆ ಬೆಸುಗೆ ಬಿಟ್ಟಿತ್ತು. ಅಗ್ಗದ ವೈರು, ತಾನೇ ಕೊಟ್ಟದ್ದು ಅಂತ ಅವರು ಬೇಜಾರು ಮಾಡಿಕೊಂಡರು. ಆ ತುದಿ ಕತ್ತರಿಸಿ, ಲೋಹದ ಮೈ ಇರುವ ಗಟ್ಟಿ ತೂತು ಹಾಕಿ, ಮತ್ತೆ ಬೆಸುಗೆ ಮಾಡಿ ಕೊಟ್ಟರು. ಒಂದು ರೂಪಾಯಿ ತಗೊಳ್ಳಲಿಲ್ಲ. ಪದ ಬಂತು. ಬಳೆಯೂ ಬಂತು. ನಿಮ್ಮ ಕಾರಿನಲ್ಲೂ ಹಾಡು ಬಂದು ಹಾಡುವವರ ದನಿ ಮಾತ್ರ ಹೋದರೆ ಸೆಟ್ ಬದಲಿಸಬೇಡಿ. ಪಿನ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ, ವೈರ್ ಬದಲಿಸಿ ನೋಡಿ. ಫೋನಿಗೆ ದಪ್ಪ ಕವರ್ ಹಾಕಿದ್ದರೂ ಪಿನ್ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ಸಿಳ್ಳೆ ವಿಷಯ. ಬೀದರಿಗೆ ನಾದಿನಿ ಮನೆಗೆ ಹೊರಟಾಗ ಐಪಾಡ್ ಚಾರ್ಜ್ ಕಡಿಮೆ ಇತ್ತು. ಯುಎಸ್‌ಬಿ ಬಾಲವನ್ನು ಕಾರ್ ಚಾರ್ಜರಿಗೆ ಸಿಕ್ಕಿಸಿದೆ. ಕೂಡಲೇ ಹಾಡಿನ ಹಿಂದೆ ಸಣ್ಣ ಸಿಳ್ಳೆ ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಸಿಳ್ಳೆ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಮೆಕ್ಯಾನಿಕ್‌ಗಳು ಡೈನಮೋ ಅನ್ನುವ ಆಲ್ಟರ್ನೇಟರಿನ ಸದ್ದು ಅದು. ಐಪಾಡಿಗೆ ಆಗ ಗ್ರೌಂಡ್ ಎರಡು ದಾರಿಯಿಂದ ಸಿಗುತ್ತದೆ, ಹಾಡಿನ ವೈರಿನಿಂದ ಒಂದು, ಚಾರ್ಜರಿನಿಂದ ಇನ್ನೊಂದು. ಎರಡರ ನಡುವೆ ಇರುವ ಚೂರು ವ್ಯತ್ಯಾಸ ಹಾಡಿನೊಳಗೆ ನುಗ್ಗುತ್ತದೆ. ಚಾರ್ಜರ್ ಕಿತ್ತರೆ ಸಿಳ್ಳೆ ನಿಲ್ಲುತ್ತದೆ. ಸಿಳ್ಳೆ ಇದರದ್ದೇ ಅಂತ ಗೊತ್ತುಮಾಡಿಕೊಳ್ಳೋಕೆ ಇದೇ ಸುಲಭ.

ಇದಕ್ಕೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಹೆಬ್ಬೆರಳಿನಷ್ಟು ಡಬ್ಬಿ ಸಿಗುತ್ತದೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಹಾಡು ಅಯಸ್ಕಾಂತ ಶಕ್ತಿಯ ಮೂಲಕ ದಾಟುತ್ತದೆ, ಗ್ರೌಂಡ್ ಮಾತ್ರ ದಾಟೋದಿಲ್ಲ. ಉಸ್ತಾದರು "ಮನ್ಯಾಗ ಚಾರ್ಜ್ ಮಾಡ್ಕೊಂಡ್ ಬರ್ರಿ, ಸುಮ್ನ ಯಾಕ ರೊಕ್ಕ ಹಾಕ್ತೀರಿ" ಅಂದರು. ಆದರೂ ದೂರದ ದಾರಿಗೆ ಇರಲಿ ಅಂತ 250 ಕೊಟ್ಟು ತಗೊಂಡೆ. ಸಿಳ್ಳೆ ಪೂರ್ತಿ ಹೋಯಿತು. ಆದರೆ ಅಗ್ಗದ ಐಸೊಲೇಟರಿನಲ್ಲಿ ಕೆಳಗಿನ ದಪ್ಪ ದನಿ ಸ್ವಲ್ಪ ತೆಳ್ಳಗಾಗುತ್ತದೆ. ಬೀಸುಕಲ್ಲಿನ ಆ ಗುಡುಗು ಇಳಿದದ್ದು ನನಗೆ ಮೊದಲ ಸುತ್ತಿನಲ್ಲೇ ಗೊತ್ತಾಯಿತು. ಹಾಗಾಗಿ ದಿನಾ ಶಾಲೆಗೆ ಹೋಗುವಾಗ ಅದನ್ನು ತೆಗೆದಿಡುತ್ತೇನೆ. ಬೀದರ್, ಸೊಲ್ಲಾಪುರ ಅಂತ ಹೊರಟಾಗ ಮಾತ್ರ ಹಾಕುತ್ತೇನೆ. ಸಿನಿಮಾ ಹಾಡು ಮಾತ್ರ ಕೇಳುವವರಿಗೆ ಈ ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ, ಧಾರಾಳವಾಗಿ ಹಾಕಿಸಿ.

ನಮ್ಮೂರಿನ ಬಿಸಿಲಿಗೆ ಸಂಬಂಧಿಸಿದ ಒಂದು ಮಾತು. ಐಪಾಡನ್ನು ಕಾರಿನಲ್ಲಿ ಬಿಟ್ಟು ಇಳಿಯಬೇಡಿ. 35 ಡಿಗ್ರಿವರೆಗೆ ಉಪಯೋಗಿಸಿ, ಇಡೋದಾದರೆ 45 ಡಿಗ್ರಿ ದಾಟಬಾರದು ಅಂತ ಕಂಪನಿಯವರೇ ಹೇಳಿದ್ದಾರೆ. ಮೇ ತಿಂಗಳಲ್ಲಿ ಇಲ್ಲಿ ಹೊರಗೇ 42 ದಾಟುತ್ತದೆ, ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಬ್ಯಾಟರಿ ಉಬ್ಬಿದರೆ ಆಮೇಲೆ ಏನೂ ಮಾಡೋಕಾಗೋದಿಲ್ಲ. ನಾನು ಇಳಿದ ಕೂಡಲೇ ವೈರಿನಿಂದ ಬಿಚ್ಚಿ ಪರ್ಸಿಗೆ ಹಾಕಿಕೊಳ್ಳುತ್ತೇನೆ. ಇದರ ಒಳಗಿರೋದು ತಿರುಗುವ ಡಿಸ್ಕ್. ಹಾಡನ್ನು ಮುಂಚೆಯೇ ಮೆಮೊರಿಗೆ ಎತ್ತಿಕೊಂಡು ಡಿಸ್ಕ್ ನಿಲ್ಲಿಸುತ್ತದೆ, ಹಾಗಾಗಿ ರಸ್ತೆಯ ಕುಲುಕಾಟಕ್ಕೆ ಹಾಡು ಕಟ್ಟಾಗೋದಿಲ್ಲ. ಆದರೂ ನಾನು ಗೇರ್ ಹಿಂದಿನ ತಟ್ಟೆಯಲ್ಲಿ ದಪ್ಪ ಕೌದಿ ತುಂಡು ಹಾಸಿ ಅದರ ಮೇಲೆ ಇಟ್ಟಿದ್ದೇನೆ. ಯಾವ ಹಾಡು ಬೇಕು ಅಂತ ಮನೆ ಮುಂದೆಯೇ ಆರಿಸಿಕೊಂಡು ಹೊರಡುತ್ತೇನೆ. ಓಡಿಸುವಾಗ ಐಪಾಡ್ ಮುಟ್ಟೋದಿಲ್ಲ, ಸೆಟ್ಟಿನ ವಾಲ್ಯೂಮ್ ಮಾತ್ರ.

ಉಸ್ತಾದರ ಅಂಗಡಿಯಲ್ಲಿ ಕೊರತೆ ಇಲ್ಲ ಅಂತಲ್ಲ. ಬಿಲ್ ಕೊಡೋದಿಲ್ಲ, ಗ್ಯಾರಂಟಿ ಕಾರ್ಡ್ ಇಲ್ಲ, ಬಾಯಿಮಾತೇ ಎಲ್ಲ. ನನ್ನ ವಿಷಯದಲ್ಲಿ ಆ ಮಾತು ನಡೆಯಿತು, ಆದರೆ ಬಿಲ್ ಬೇಕು ಅನ್ನುವವರಿಗೆ ಇದು ಸರಿಬರೋದಿಲ್ಲ. ಅವರು ಇಟ್ಟಿರುವ ವೈರುಗಳು ಅಷ್ಟೇನೂ ಗಟ್ಟಿ ಇಲ್ಲ, ಒಳ್ಳೆ ವೈರ್ ನೀವೇ ತಗೊಂಡು ಹೋದರೆ ಉತ್ತಮ. ಓಣಿ ಇಕ್ಕಟ್ಟು. ಸಂಜೆ ಆಟೋ, ತಳ್ಳುಗಾಡಿ ನಡುವೆ ಕಾರು ತಿರುಗಿಸೋಕೆ ಹದಿನೈದು ನಿಮಿಷ ಬೇಕು. ಒಂದು ಕಾರು ಬಿಚ್ಚಿ ಕೂತರೆ ಅದು ಮುಗಿಯುವವರೆಗೆ ಇನ್ನೊಂದು ಮುಟ್ಟೋದಿಲ್ಲ, ಮೊದಲ ಸಲ ನಾನು ಎರಡು ತಾಸು ಕಾದೆ. ಕೂರೋಕೆ ಒಂದು ಸ್ಟೂಲು, ಹುಡುಗ ತಂದುಕೊಡುವ ಚಹಾ, ಅಷ್ಟೇ. ಒಬ್ಬಳೇ ಹೋಗಿ ಕೂತರೂ ಒಂದು ಕ್ಷಣ ಮುಜುಗರ ಅನ್ನಿಸಲಿಲ್ಲ ಅನ್ನೋದನ್ನೂ ಹೇಳಬೇಕು. ದೊಡ್ಡ ಅಂಗಡಿಯಲ್ಲಿ ನಾನು ಕೇಳಿದ ಪ್ರಶ್ನೆಗೆ ನನ್ನ ಮುಖ ನೋಡಿ ಉತ್ತರ ಕೊಟ್ಟವರಿರಲಿಲ್ಲ. ಇಲ್ಲಿ ಪ್ರತಿ ವೈರೂ ತೋರಿಸಿ, ಏನು ಯಾಕೆ ಅಂತ ಹೇಳಿ ಮಾಡಿದರು.

ವೈರ್, ಮಜೂರಿ, ಐಸೊಲೇಟರ್, ತಮ್ಮ ಕಳಿಸಿದ 30 ಪಿನ್ನಿನ ವೈರ್ ಎಲ್ಲ ಸೇರಿ 1,080 ರೂಪಾಯಿ ಆಯಿತು. ಸೆಟ್ ಅದೇ, ಸ್ಪೀಕರ್ ಅದೇ. ನಿಮ್ಮ ಹಳೆ ಕಾರಿನ ಸೆಟ್ಟಿಗೆ ಏನಾದರೂ ಜೋಡಿಸಬೇಕು ಅಂದರೆ, ಹೊಸದರ ರೇಟ್ ಕೇಳುವ ಮೊದಲು ಇರೋದನ್ನು ಹೊರಗೆ ಎಳೆಸಿ ಅದರ ಹಿಂಭಾಗ ನೋಡಿ. ಎಳೆದು ತೋರಿಸೋಕೆ ಐದು ನಿಮಿಷ ಸಾಕು. ತೋರಿಸೋಕೆ ಒಪ್ಪದ ಅಂಗಡಿಯಲ್ಲಿ ಕೆಲಸ ಕೊಡಬೇಡಿ.

ಅಂಗಡಿ ಬೆಳಿಗ್ಗೆ ಹತ್ತೂವರೆಗೆ ತೆಗೆಯುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿ ಮೂರರ ಮೇಲೆ ತೆಗೆಯುತ್ತಾರೆ, ಭಾನುವಾರ ಇರುತ್ತಾರೆ. ಸೆಟ್ ಬಿಚ್ಚುವ ಕೆಲಸ ಇದ್ದರೆ ಬೆಳಿಗ್ಗೆಯೇ ಹೋಗಿ. ನನ್ನ ಕಾರಿನ ಹಿಂದಿನ ಬಲಗಡೆ ಸ್ಪೀಕರಿನ ಕಾಗದ ಅಂಚಿನಲ್ಲಿ ಹರಿದಿದೆ, ಜೋರಾಗಿ ಇಟ್ಟರೆ ಗೊರಗೊರ ಅನ್ನುತ್ತದೆ. ಅದಕ್ಕೆ ಹೊಸ ಕಾಗದ ಅಂಟಿಸಿ ಕೊಡುತ್ತೇನೆ ಅಂದಿದ್ದಾರೆ. ದಸರಾ ರಜೆಯಲ್ಲಿ ಕಾರು ಒಂದು ದಿನ ಅಲ್ಲೇ ಬಿಡಬೇಕು.